ಅಂಗಳದಲ್ಲಿ ಎದ್ದ ದುಡ್ಡು

ನಮ್ಮೂರಿನ ಜನ ಯಾವುದಕ್ಕೂ ಸುಲಭವಾಗಿ ಹೂಂ ಅನ್ನುವುದಿಲ್ಲ. ಹೊರಗಿನಿಂದ ಬಂದವರಿಗೆ ಇದು ಸೊಕ್ಕಿನ ಹಾಗೆ ಕಾಣುತ್ತದೆ. ಅಂಗಿ ಯಾವಾಗ ಹೊಲಿದು ಕೊಡುತ್ತೀಯಪ್ಪ ಎಂದು ದರ್ಜಿಯನ್ನು ಕೇಳಿದರೆ 'ನೋಡೂಣು' ಅನ್ನುತ್ತಾನೆ. ಪಕ್ಕದ ಮನೆಯವರನ್ನು ಮದುವೆಗೆ ಕರೆದರೆ 'ಆದ್ರ ಬರತೀವಿ' ಅನ್ನುತ್ತಾರೆ. ಅಂಗಿ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಪಕ್ಕದ ಮನೆಯವರು ಎಲ್ಲರಿಗಿಂತ ಮೊದಲು ಬಂದು ಪಂಕ್ತಿಯಲ್ಲಿ ಕೂತಿರುತ್ತಾರೆ, ಅದು ಬೇರೆ. ಆದರೆ ಮಾತು ಕೊಡುವುದು ಎಂಬುದು ನಮ್ಮಲ್ಲಿ ಬಾಯಿಂದ ಆಗುವ ಕೆಲಸವಲ್ಲ. ಮಾತು ಕೊಡಬೇಕಾದರೆ ಇಬ್ಬರೂ ಕೂಡಿ ಕೆರೆಯ ಹಿಂದಿನ ಬೀಳು ಹೊಲಕ್ಕೆ ಹೋಗಬೇಕು. ಹಳೆಯ ತಾಮ್ರದ ದುಡ್ಡೊಂದಕ್ಕೆ ಮಾತಿಗೆ ತಕ್ಕ ಪದಾರ್ಥ ಬಳಿದು ಹೂಳಬೇಕು. ಮದುವೆಯಾದ ಗಂಡ ಹೆಂಡಿರ ಮಾತಿಗೆ ಅರಿಸಿನ, ಹೊಲದ ಗಡಿಯ ಮಾತಿಗೆ ಸುಣ್ಣ, ಮಕ್ಕಳ ವಿಷಯಕ್ಕೆ ತುಪ್ಪ. ಇನ್ನುಳಿದ ಮಾತುಗಳಿಗೆ ಇಬ್ಬರೂ ತಮ್ಮ ತಮ್ಮ ಮನೆಯಿಂದ ಏನಾದರೊಂದು ತರುತ್ತಾರೆ. ಮಾತು ಉಳಿದರೆ ದುಡ್ಡು ಮಣ್ಣಲ್ಲಿ ಮಣ್ಣಾಗುತ್ತದೆ. ಮುರಿದರೆ, ಮುರಿದವರ ಅಂಗಳದಲ್ಲಿ ಏಳುತ್ತದೆ.

ಯಾಕೆ ಹೀಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಮಳೆ ಯಾಕೆ ಮೇಲಿನಿಂದ ಬೀಳುತ್ತದೆ ಎಂದು ಯಾರು ಕೇಳುತ್ತಾರೆ? ಕೆಲವರು ಅಂಗಳಕ್ಕೆ ಕಲ್ಲು ಹಾಸಿ ನೋಡಿದ್ದಾರೆ. ಕಲ್ಲನ್ನೇ ಓರೆ ಮಾಡಿಕೊಂಡು ದುಡ್ಡು ಎದ್ದಿದೆ. ಕೆಲವರು ನಸುಕಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕಸ ಗುಡಿಸುತ್ತಾರೆ. ಅಂಥವರನ್ನು ಕಂಡು 'ಏನ್ರೀ, ಇಷ್ಟು ಲಗೂನ?' ಎಂದು ಕೇಳುವುದು ನಮ್ಮಲ್ಲಿ ದೊಡ್ಡ ಕುಚೇಷ್ಟೆ. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮೊದಲು ಅಂಗಳ ನೋಡುತ್ತಾರೆ.

ನಾನು ಕಾಳವ್ವ, ಒಡವೆ ಪಾತ್ರೆ ಮಾಡುವ ಪತ್ತಾರರ ಮನೆಯವಳು. ಎದ್ದ ದುಡ್ಡನ್ನು ಓದುವುದು ನನ್ನ ಕೆಲಸ. ಎದ್ದ ದುಡ್ಡು ದುಡ್ಡಿನ ಹಾಗೆ ಇರುವುದಿಲ್ಲ. ನಮ್ಮದು ಉಪ್ಪು ಮಣ್ಣು, ತಾಮ್ರಕ್ಕೆ ಬೇಗ ಕಿಲುಬು ಹಿಡಿಸುತ್ತದೆ. ಮೇಲೆ ಮಣ್ಣು, ಒಳಗೆ ಹಸಿರು, ಅದರೊಳಗೆ ಎಂದೋ ಬಳಿದ ಪದಾರ್ಥ, ಎಲ್ಲ ಒಂದಕ್ಕೊಂದು ಕಚ್ಚಿಕೊಂಡು ಹೆಕ್ಕಳೆಯಾಗಿರುತ್ತವೆ. ಅದನ್ನು ಪದರ ಪದರವಾಗಿ ಬಿಡಿಸಿ, ಇದು ಇಂಥ ಮಾತು ಎಂದು ಚಾವಡಿಯಲ್ಲಿ ಹೇಳಬೇಕು. ಅಪ್ಪನ ಕಾಲಕ್ಕೆ ಅಪ್ಪ ಹೇಳುತ್ತಿದ್ದ, ಈಗ ನಾನು ಹೇಳುತ್ತೇನೆ. ನನ್ನ ಓದು ತಪ್ಪಿದ್ದಿಲ್ಲ. ಇದನ್ನು ಜಂಬದಿಂದ ಹೇಳುತ್ತಿದ್ದೇನೆ ಎಂದುಕೊಂಡರೆ ಹಾಗೇ ಎಂದುಕೊಳ್ಳಿ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಮಾನಪ್ಪ ಬೀದಿಯ ಆ ತುದಿಯಲ್ಲಿ ಮನೆ ಮಾಡಿಕೊಂಡು ಬಂಗಾರ ಹಿತ್ತಾಳೆಯ ಕೆಲಸ ಹಿಡಿದ. ಕೈ ನನಗಿಂತ ಅವನದೇ ಚೆಂದ. ಮೂಗುತಿಯ ಹರಳನ್ನು ಅವನು ಕೂರಿಸಿದರೆ ಅದು ಅಲ್ಲೇ ಹುಟ್ಟಿದ ಹಾಗೆ ಕಾಣುತ್ತದೆ. ಆದರೆ ನಾಣ್ಯದ ಮುಂದೆ ತಾಳ್ಮೆಯಿಂದ ಕೂರುವುದು ಅವನಿಗೆ ಒಗ್ಗಲಿಲ್ಲ.

ಆ ವರ್ಷ ಕೆರೆಯ ತೂಬಿನ ಕೀಲಿ ಹಿಡಿದಿದ್ದ ಮುದುಕ ತೀರಿಕೊಂಡ. ಆ ಕೀಲಿ ಯಾರ ಸೊಂಟದಲ್ಲಿರುತ್ತದೋ ಅವರ ಮಾತಿನಂತೆ ನೀರು ಹರಿಯುತ್ತದೆ. ಊರಿನಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅಣ್ಣನಿಗೆ ಅದರ ಆಸೆ ಮೊದಲಿಂದಲೂ ಇತ್ತು. ಆದರೆ ಚಾವಡಿಯಲ್ಲಿ ಹಿರಿಯ ದುಂಡಪ್ಪಜ್ಜ ಹೆಸರು ಕೇಳಿದಾಗ ಹೆಚ್ಚು ಕೈ ಎದ್ದದ್ದು ತುಂಗವ್ವನಿಗೆ. ತುಂಗವ್ವ ಬಣ್ಣಗಾರರ ಮನೆಯವಳು. ಗಂಡ, ಬೆಳೆದ ಇಬ್ಬರು ಗಂಡುಮಕ್ಕಳು, ಹಿತ್ತಲಲ್ಲಿ ನೀಲಿಯ ಬಾನಿಗಳು. ಒಂದು ಕೊಡ ನೀರಿನಲ್ಲಿ ಎಷ್ಟು ನೂಲು ಮುಳುಗುತ್ತದೆ ಎಂದು ಅವಳಿಗೆ ಗೊತ್ತಿದ್ದಷ್ಟು ಇನ್ನು ಯಾರಿಗೂ ಗೊತ್ತಿಲ್ಲ. ಅಣ್ಣ ಕೂಡ ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ನಾನು ಪಕ್ಕದಲ್ಲೇ ಕೂತಿದ್ದೆ.

ಕೀಲಿ ಕೊಡುವ ದಿನ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ತುಂಗವ್ವನ ಅಂಗಳದಲ್ಲಿ ದುಡ್ಡು ಎದ್ದಿತು.

ನಾನು ಹೋಗುವಷ್ಟರಲ್ಲಿ ಓಣಿ ತುಂಬಿತ್ತು. ತುಂಗವ್ವ ಕಟ್ಟೆಯ ಮೇಲೆ ನಿಂತಿದ್ದಳು. ಮೊಣಕೈವರೆಗೆ ನೀಲಿ ಹತ್ತಿದ ಕೈಗಳನ್ನು ಸೆರಗಿನಿಂದ ಮುಚ್ಚಿಕೊಂಡಿರಲಿಲ್ಲ. ರಂಗೋಲಿಯ ಪಕ್ಕದಲ್ಲೇ ದುಡ್ಡು ಬಿದ್ದಿತ್ತು. ಹಸಿರು ಹೆಕ್ಕಳೆಯ ನಡುವೆ ಅರಿಸಿನ ದೂರಕ್ಕೇ ಕಾಣುತ್ತಿತ್ತು. ಅರಿಸಿನ ಎಂದರೆ ಗಂಡ ಹೆಂಡಿರ ಮಾತು. ಹೇಳುವುದೇನಿತ್ತು? ಗಂಡನಿಗೆ ಕೊಟ್ಟ ಮಾತನ್ನು ಈಕೆ ಮುರಿದಿದ್ದಾಳೆ ಎಂದು ಎಲ್ಲರ ಕಣ್ಣೂ ಹೇಳುತ್ತಿದ್ದವು. ಅವಳ ಗಂಡ ಬಾಗಿಲಲ್ಲಿ ಕೂತು ಬೀಡಿ ಹಚ್ಚಲು ನೋಡುತ್ತಿದ್ದ. ಕಡ್ಡಿ ಮೇಲೆ ಕಡ್ಡಿ ಗೀರುತ್ತಿದ್ದ.

"ತುಂಗಕ್ಕ, ತಗೊಂಡು ಹೋಗ್ಲ್ಯಾ?" ಎಂದು ಕೇಳಿದೆ.

"ಹೋಗು," ಎಂದಳು. ಆಮೇಲೆ ಕೆಳಗಿಳಿದು ನನ್ನ ಹತ್ತಿರ ಬಂದು, ಇಬ್ಬರಿಗೇ ಕೇಳುವ ಹಾಗೆ ಹೇಳಿದಳು: "ಕಾಳವ್ವ, ಮದವ್ಯಾದಾಗ ನಾವು ಯಾವ ಮಾತೂ ಹೂಳಿಲ್ಲ. ನಮ್ಮ ಮನ್ಯಾಗ ಆ ಪದ್ಧತಿ ಇಲ್ಲ. ಇಡೀ ಜನ್ಮದಾಗ ನಾ ಮಾತು ಕೊಟ್ಟದ್ದು ಒಂದ ಸಲ. ಅದನ್ನ ಮುರದಾಕಿ ನಾ ಅಲ್ಲ. ಇದು ಏನಂತ ನೀನ ಹೇಳಬೇಕು."

"ದುಡ್ಡಿನ ಮ್ಯಾಲ ಏನೈತ್ಯೋ ಅದನ್ನ ಹೇಳ್ತೀನಿ," ಎಂದೆ. "ನಿನ್ನ ಸಲುವಾಗಿ ಒಂದು ಮಾತು ಹೆಚ್ಚು ಇಲ್ಲ, ಕಡಿಮಿ ಇಲ್ಲ."

"ನಾನೂ ಅಷ್ಟ ಕೇಳೂದು," ಎಂದು ತುಂಗವ್ವ ಒಳಗೆ ಹೋದಳು. ಹಿತ್ತಲಿನಲ್ಲಿ ನೂಲು ಹಿಂಡುವ ಸದ್ದು ಮತ್ತೆ ಶುರುವಾಯಿತು.

ದುಡ್ಡನ್ನು ಬಾಳೆ ಎಲೆಯಲ್ಲಿ ಸುತ್ತಿಕೊಂಡು ಮನೆಗೆ ತಂದೆ. ಕಿಟಕಿಯ ಕೆಳಗೆ, ಬೆಳಕು ಒಂದೇ ಕಡೆಯಿಂದ ಬೀಳುವ ಜಾಗದಲ್ಲಿ, ಬಿಳಿ ಬಟ್ಟೆ ಹಾಸಿಕೊಂಡು ಕೂತೆ. ಜನಕ್ಕೆ ಈ ಕೆಲಸ ಎಂದರೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಹುಣಸೆಹಣ್ಣು ಹಚ್ಚಿದರೆ ದುಡ್ಡು ಹೊಳೆಯುತ್ತದೆ, ಹೌದು. ಕೊಡಪಾನವೂ ಹೊಳೆಯುತ್ತದೆ. ಆದರೆ ಹುಳಿ ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ, ಎಲ್ಲವನ್ನೂ ತಿಂದು ಹಾಕುತ್ತದೆ. ಆಮೇಲೆ ಓದಲು ಏನೂ ಉಳಿದಿರುವುದಿಲ್ಲ. ನನ್ನ ಹತ್ತಿರ ಇರುವುದು ಜಾಲಿಮುಳ್ಳು, ಬಿದಿರಿನ ಕಡ್ಡಿ, ಹತ್ತಿ, ಎಣ್ಣೆ, ಸ್ಪಿರಿಟ್ಟು, ಸೋಸಿದ ಮಳೆನೀರು, ಅಪ್ಪನ ಭೂತಗನ್ನಡಿ. ಲೋಹವನ್ನು ಲೋಹದಿಂದ ಮುಟ್ಟಬಾರದು. ಮುಳ್ಳು ಸವೆದರೆ ಇನ್ನೊಂದು ಮುಳ್ಳು ಸಿಗುತ್ತದೆ.

ಮೊದಲು ಬರೀ ನೋಡಿದೆ. ನಾಣ್ಯದ ಮೇಲಿನ ಕೊಳೆಯಲ್ಲಿ ಎರಡು ಜಾತಿ. ತಾಮ್ರದೊಳಗಿಂದ ಬೆಳೆದದ್ದು ಒಂದು, ಹೊರಗಿನಿಂದ ಬಂದು ಕೂತದ್ದು ಇನ್ನೊಂದು. ಒಳಗಿಂದ ಬೆಳೆದ ಕಿಲುಬು ಮುಳ್ಳಿಗೆ ಬಗ್ಗುವುದಿಲ್ಲ, ಕಲ್ಲಿನ ಹಾಗೆ ನಿಲ್ಲುತ್ತದೆ. ಈ ದುಡ್ಡಿನ ಅಂಚಿಗೆ ಮುಳ್ಳು ತಾಗಿಸಿದೆ. ಹಸಿರು ಮೆತ್ತಗೆ ಎದ್ದು ಬಂತು, ಒಣಗಿದ ಗಂಜಿಯ ಕೆನೆ ಏಳುವ ಹಾಗೆ. ನನಗೆ ಆಗಲೇ ಅರ್ಧ ಗೊತ್ತಾಯಿತು. ಬಿಸಿನೀರಿನಲ್ಲಿ ಹತ್ತಿ ಅದ್ದಿ ಅದರ ಮೇಲೆ ಇಟ್ಟೆ. ಹತ್ತಿ ತೆಗೆದಾಗ ಅಂಟು ವಾಸನೆ. ಬಡಗಿಗಳು ಹಲಗೆ ಕೂಡಿಸಲು ಕಾಯಿಸುವ ಸರೇಸಿನ ವಾಸನೆ ಅದು. ಮಣ್ಣಿನಲ್ಲಿ ಸರೇಸು ಹುಟ್ಟುವುದಿಲ್ಲ. ಇನ್ನು ಅರಿಸಿನ. ಹೂಳಿದ ಅರಿಸಿನ ಉಪ್ಪು ಮಣ್ಣಿನಲ್ಲಿ ಕಂದಿ ಕಗ್ಗಿ ಮಣ್ಣಿನ ಬಣ್ಣಕ್ಕೇ ಬಂದಿರುತ್ತದೆ, ಸುಣ್ಣದ ತಿಳಿ ತಾಗಿಸಿದರೂ ಉಸಿರೆತ್ತುವುದಿಲ್ಲ. ಇದಕ್ಕೆ ಕಡ್ಡಿಯ ತುದಿಯಿಂದ ಸುಣ್ಣದ ತಿಳಿ ತಾಗಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕುಂಕುಮದ ಹಾಗೆ ಕೆಂಪಾಯಿತು. ಯಾರದೋ ಅಡುಗೆಮನೆಯ ಹೊಸ ಅರಿಸಿನ.

ಯಾರೋ ಬೇಕೆಂದೇ ಬಳಿದಿದ್ದಾರೆ. ತುಂಗವ್ವನ ಹೆಸರು ಕೆಡಿಸಲು. ನನಗೆ ಸಿಟ್ಟು ಬಂತು, ಜೊತೆಗೆ ಒಂದು ನಮೂನೆ ಖುಷಿಯೂ ಆಯಿತು. ನನ್ನ ಮುಂದೆ ಈ ಆಟ ನಡೆಯುತ್ತದೆ ಎಂದುಕೊಂಡವರು ಯಾರೋ ನೋಡಿಯೇ ಬಿಡೋಣ ಎಂದು ಬಿಸಿನೀರು ಬದಲಿಸುತ್ತ ಹೊರಗಿನ ಕೊಳೆಯನ್ನೆಲ್ಲ ಬಿಡಿಸಿದೆ. ಕೆಳಗೆ ನಿಜವಾದ ಕಿಲುಬು ಕಾಣಿಸಿತು. ಗಟ್ಟಿ, ಕಪ್ಪು ಹಸಿರು. ಅಂದರೆ ಇದು ನಿಜವಾಗಿಯೂ ಎದ್ದ ದುಡ್ಡೇ. ಹಾಗಾದರೆ ಯಾರ ಅಂಗಳದ್ದು?

ಭೂತಗನ್ನಡಿ ಹಿಡಿದೆ. ತುಂಗವ್ವನ ಅಂಗಳದ್ದು ಎರೆಮಣ್ಣು, ವರ್ಷಾನುಗಟ್ಟಲೆ ಬಣ್ಣದ ನೀರು ಕುಡಿದು ನೀಲಿಗಟ್ಟಿದ ಮಣ್ಣು. ಕಿಲುಬಿನ ಗುಳಿಗಳಲ್ಲಿ ಅದರ ಒಂದು ಕಣವೂ ಇರಲಿಲ್ಲ. ಇದ್ದದ್ದು ಇದ್ದಿಲ ಪುಡಿ, ಅರ ತಿಕ್ಕಿ ಉದುರಿದ ಹಿತ್ತಾಳೆಯ ಚೂರು, ಬೆಸುಗೆಗೆ ಹಾಕುವ ಬಿಳಿಗಾರದ ಗಾಜಿನಂಥ ಹರಳು. ಅವು ಕಿಲುಬಿನ ಜೊತೆಗೇ ಬೆಳೆದು ಅದರೊಳಗೆ ಸಿಕ್ಕಿಕೊಂಡಿದ್ದವು. ಆ ಪುಡಿ ಬೀಳುವ ಅಂಗಳ ಪತ್ತಾರರದು. ನಮ್ಮೂರಿನಲ್ಲಿ ಪತ್ತಾರರ ಅಂಗಳ ಎರಡೇ. ಒಂದನ್ನು ದಿನಾ ನಾನೇ ಗುಡಿಸುತ್ತೇನೆ.

ಆಮೇಲೆ ನನ್ನ ಕೈ ಸ್ವಲ್ಪ ನಿಧಾನವಾಯಿತು. ನಿಲ್ಲಲಿಲ್ಲ. ಸ್ಪಿರಿಟ್ಟಿನ ಹತ್ತಿ ಇಟ್ಟು ಒಂದು ಮೂಲೆಯಲ್ಲಿ ಮಾತ್ರ ಒಳಗಿನ ಪದರ ನೋಡಿದೆ. ಮೊದಲು ಕೆಂಪು ಬಂತು. ಅರಗು, ನಮ್ಮ ಮನೆಗಳಲ್ಲಿ ಒಡವೆಯನ್ನು ಕೂರಿಸಿ ಕೆತ್ತುವ ಅರಗು. ಅದರ ಜೊತೆ ಹೆಣೆದುಕೊಂಡು ನೀಲಿ ಬಂತು. ಬಣ್ಣಗಾರರ ಬಾನಿಯ ನೀಲಿ. ಒಬ್ಬರು ಅರಗು ತಂದಿದ್ದರು, ಇನ್ನೊಬ್ಬರು ನೀಲಿ ತಂದಿದ್ದರು. 'ಮಾತು ಕೊಟ್ಟದ್ದು ಒಂದ ಸಲ' ಎಂದ ತುಂಗವ್ವನ ದನಿ ಕಿವಿಯಲ್ಲಿತ್ತು. ನಾನು ಚಿಕ್ಕವಳಿದ್ದಾಗ ಅಣ್ಣ ನೂಲಿಗೆ ಬಣ್ಣ ಹಾಕಿಸುತ್ತೇನೆ ಎಂದು ಬಣ್ಣಗಾರರ ಓಣಿಗೆ ಮೇಲಿಂದ ಮೇಲೆ ಹೋಗುತ್ತಿದ್ದ. ನಮ್ಮ ಮನೆಯಲ್ಲಿ ನೂಲುವವರು ಯಾರೂ ಇರಲಿಲ್ಲ. ಆಗ ಅದು ನನಗೆ ವಿಚಿತ್ರ ಅನಿಸಿರಲಿಲ್ಲ. ಆಮೇಲೆ ಜಾತಿಯ ಹಿರಿಯರು ಕೂಡಿದರು, ಅಪ್ಪ ತೀರಿಕೊಂಡು ಅಣ್ಣ ಬೇರೆ ಮನೆ ಮಾಡಿದ ಮೇಲೆ ಅವನಿಗೆ ಬೇರೆ ಊರಿನಿಂದ ಈರವ್ವನನ್ನು ತಂದರು.

ಹೊತ್ತು ಇಳಿಯುವ ಮೊದಲೇ ಅಣ್ಣನ ಮನೆಗೆ ಹೋದೆ. ಅವನು ಕುಲುಮೆಯ ಮುಂದೆ ಕೂತಿದ್ದ. ಅತ್ತಿಗೆ ಈರವ್ವ ಒಳಗೆ ಜೋಳ ಹಸನು ಮಾಡುತ್ತಿದ್ದಳು, ಮೊರದ ಸದ್ದು ಕೇಳುತ್ತಿತ್ತು. ನಾನು ಎಲೆ ಬಿಚ್ಚಿ ದುಡ್ಡನ್ನು ಅವನ ಮುಂದೆ ಇಟ್ಟೆ. ಅವನು ಊದುವ ಕೊಳವೆ ಕೆಳಗಿಟ್ಟ.

"ಅರಿಸಿನ ಹೊಸದಿತ್ತಣ್ಣ," ಎಂದೆ. "ಸರೇಸು ಸೈತ."

ಅವನು ದುಡ್ಡನ್ನು ಬೆರಳಿನಿಂದ ತಿರುವಿ ನೋಡಿದ. ಆಮೇಲೆ, "ನೀ ಅಷ್ಟು ಆಳಕ್ಕ ಹೋಗ್ತಿ ಅಂತ ತಿಳಿದಿರಲಿಲ್ಲ," ಎಂದ. "ಮ್ಯಾಲಿನ ಅರಿಸಿನ ನೋಡಿ ಓದ್ತಿ ಅಂದುಕೊಂಡೆ."

"ಇಷ್ಟು ವರ್ಷ ನನ್ನ ಕೆಲಸ ನೋಡಿ ಅಷ್ಟ ತಿಳಕೊಂಡ್ಯಾ?"

"ಕಾಳಿ, ಆಕಿ ಮ್ಯಾಲ ನನಗ ಸಿಟ್ಟಿಲ್ಲ. ಖರೇ ಹೇಳ್ತೀನಿ. ಸಿಟ್ಟು ಈ ದುಡ್ಡಿನ ಮ್ಯಾಲ. ನನ್ನ ಮದವಿ ಆದ ವಾರದಾಗ ಎದ್ದದ್ದು. ಹೊಳ್ಯಾಗ ಒಗದ್ರ ಎಂಟ ದಿನಕ್ಕ ಮತ್ತ ಅಂಗಳಕ್ಕ ಬಂತು. ಕುಲುಮಿಗೆ ಹಾಕಿದ್ರ ಕರಗಲಿಲ್ಲ. ಅರಗಿನ ಡಬ್ಬಿ ತಳದಾಗ ಇಟ್ಟಕೊಂಡು ಬದುಕೀನಿ. ಆಕಿ ನೋಡಿದ್ರ ಎಲ್ಲಾ ಮರತು ತಲಿ ಎತ್ತಿ ಅಡ್ಡಾಡ್ತಾಳ, ಊರು ಆಕೀಗೆ ಕೀಲಿ ಕೊಡತೈತಿ. ಒಮ್ಮೆರೆ ಇದು ಬ್ಯಾರೆಯವರ ಅಂಗಳದಾಗ ಬೀಳ್ಲಿ ಅನಿಸ್ತು. ಒಮ್ಮೆ."

ಅಣ್ಣನ ಮೇಲೆ ನನಗೆ ಕನಿಕರ ಬಂತು. ಆದರೆ ಹಿತ್ತಲಿನಲ್ಲಿ ನೂಲು ಹಿಂಡುತ್ತಿದ್ದ ಹೆಂಗಸಿನ ತಪ್ಪೇನು?

"ನಾಳೆ ಚಾವಡ್ಯಾಗ ನೀನ ಎದ್ದು ಹೇಳು," ಎಂದೆ. "ನಾ ಹೇಳೂಕಿಂತ ಮದಲು ಹೇಳು. ನಿನಗ ಅದರಾಗ ಮರ್ಯಾದಿ ಐತಿ."

"ಓದಾಕ ಬರಲಿಲ್ಲ ಅಂತ ಹೇಳಿಬಿಡು. ಸವದು ಹೋಗೈತಿ ಅನ್ನು. ಕೀಲಿ ನನಗ ಬ್ಯಾಡ, ಯಾರಿಗರೆ ಹೋಗ್ಲಿ."

"ಹಂಗಂದ್ರ ತುಂಗಕ್ಕನ ಹೆಸರು ಸಾಯೂತನಕ ತೂಗಾಡತೈತಿ."

"ನಾ ನಿನ್ನ ಅಣ್ಣ, ಕಾಳಿ."

"ಅದಕ್ಕ ಇವತ್ತ ಬಂದು ಹೇಳಾಕತ್ತೀನಿ. ಬ್ಯಾರೆ ಯಾರಿಗೂ ಹಿಂಗ ಬಂದು ಹೇಳಿಲ್ಲ."

ನಾನು ಏಳುವಾಗ ಒಳಗೆ ಮೊರದ ಸದ್ದು ನಿಂತಿತ್ತು.

ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮಲ್ಲಿ ದುಡ್ಡು ಓದುವ ದಿನ ಅಂಗಡಿಗಳು ತಾವಾಗಿಯೇ ಮುಚ್ಚುತ್ತವೆ. ತುಂಗವ್ವ ಮುಂದೆ ಕೂತಿದ್ದಳು, ಪಕ್ಕದಲ್ಲಿ ಗಂಡ. ಅಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಹೆಂಗಸರ ಸಾಲಿನಲ್ಲಿ ಅತ್ತಿಗೆ ಇದ್ದಳು. ದುಂಡಪ್ಪಜ್ಜ ಗಂಟಲು ಸರಿಮಾಡಿಕೊಂಡು, "ಯಾರರೆ ಮದಲ ಹೇಳೂದೈತೇನು?" ಎಂದು ವಾಡಿಕೆಯಂತೆ ಕೇಳಿದ. ನಾನು ಅಣ್ಣನ ಕಡೆ ನೋಡಿದೆ. ಅವನು ನೆಲ ನೋಡಿದ.

ನಾನು ಎದ್ದು ನಿಂತೆ. ಒಂದೊಂದೇ ಪದರ ಹೇಳಿದೆ. ಸರೇಸು ಅಂಟಿದ ಹತ್ತಿಯನ್ನು ದುಂಡಪ್ಪಜ್ಜನ ಕೈಗೆ ಕೊಟ್ಟು ಮೂಸಿ ನೋಡಲು ಹೇಳಿದೆ. ಕೆಂಪಾದ ಅರಿಸಿನ ತೋರಿಸಿದೆ. "ಇದು ಹೊರಗಿನ ಕೊಳೆ, ಈ ದುಡ್ಡಿನದಲ್ಲ, ಯಾರೋ ಮೊನ್ನೆ ಮೊನ್ನೆ ಬಳದದ್ದು," ಎಂದಾಗ ಜನರಲ್ಲಿ ಗುಜುಗುಜು ಎದ್ದಿತು. ತುಂಗವ್ವನ ಗಂಡ ಮೊದಲ ಸಲ ತಲೆ ಎತ್ತಿದ. ಆಮೇಲೆ ಇದ್ದಿಲ ಪುಡಿ, ಹಿತ್ತಾಳೆಯ ಚೂರು, ಬಿಳಿಗಾರ ಹೇಳಿದೆ. "ಈ ದುಡ್ಡು ತುಂಗವ್ವನ ಅಂಗಳದಾಗ ಎದ್ದಿಲ್ಲ. ಪತ್ತಾರರ ಅಂಗಳದಾಗ ಎದ್ದೈತಿ. ಒಳಗ ಅರಗೂ ನೀಲೀನೂ ಅದಾವ. ಪತ್ತಾರರ ಮನ್ಯಾವ್ರು ಒಬ್ಬರು, ಬಣ್ಣಗಾರರ ಮನ್ಯಾವ್ರು ಒಬ್ಬರು ಕೂಡಿ ಕೊಟ್ಟ ಮಾತಿದು. ಮುರದವರು ಪತ್ತಾರರು."

ಎಲ್ಲರೂ ನನ್ನನ್ನು ನೋಡಿ, ಆಮೇಲೆ ಕಂಬದ ಕಡೆ ನೋಡಿದರು.

ಅಣ್ಣ ಕಂಬ ಬಿಟ್ಟು ಮುಂದೆ ಬಂದ. ಅವನು ಒಪ್ಪಿಕೊಳ್ಳುತ್ತಾನೆ ಎಂದೇ ನಾನು ನಂಬಿದ್ದೆ. ಅವನು ಹೇಳಿದ್ದು ಬೇರೆ. "ಪತ್ತಾರರ ಅಂಗಳ ಊರಾಗ ಎರಡ ಅದಾವ. ಇಷ್ಟೆಲ್ಲಾ ಬಿಡಿಸಿ ಹೇಳಾಕಿ ಅಂಗಳ ಯಾಕಿರಬಾರದು? ದುಡ್ಡು ಆಕಿ ಕೈಯಾಗ ಇತ್ತು. ಏನು ಬಳದ್ಲೋ, ಏನು ತಗದ್ಲೋ, ಯಾರು ಕಂಡಾರ?"

ಉತ್ತರ ನನ್ನಲ್ಲಿತ್ತು. ಅರ ಹಿಡಿದು ಹಿತ್ತಾಳೆ ತಿಕ್ಕುವ ಕೆಲಸ ಅಪ್ಪ ಹೋದಂದಿನಿಂದ ನನ್ನ ಅಂಗಳದಲ್ಲಿ ನಡೆದಿಲ್ಲ. ಹೇಳಬಹುದಿತ್ತು. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಯಾರೋ ಎದ್ದರು.

ಅತ್ತಿಗೆ ಈರವ್ವ ಚಾವಡಿಯಲ್ಲಿ ಎಂದೂ ಮಾತಾಡಿದವಳಲ್ಲ. ಬೇರೆ ಊರಿನವಳು, ಇಲ್ಲಿಯ ಪದ್ಧತಿ ಗೊತ್ತಿಲ್ಲ ಎಂದು ಎಲ್ಲದಕ್ಕೂ ಹಿಂದೆ ನಿಲ್ಲುತ್ತಿದ್ದಳು. ಈಗ ಜನರ ನಡುವೆ ದಾರಿ ಮಾಡಿಕೊಂಡು ಬಂದು ನನ್ನ ಪಕ್ಕ ನಿಂತಳು. ಸೆರಗು ತಲೆಯ ಮೇಲಿತ್ತು, ದನಿ ಮಾತ್ರ ಹೊರಗಿನ ಬೀದಿಗೂ ಕೇಳುವಷ್ಟಿತ್ತು.

"ಅಜ್ಜಾರ, ಆ ದುಡ್ಡು ನಮ್ಮ ಅಂಗಳದಾಗ ಎದ್ದದ್ದು. ನಾ ಕಂಡೀನಿ. ಮದವ್ಯಾಗಿ ಬಂದು ಮದಲನೇ ಸಲ ಅಂಗಳ ಕಸಾ ಹೊಡಿಯಾಕ ಹೋದಾಗ ಕಸಬರಿಗಿಗೆ ತಾಗ್ತು. ನಿಮ್ಮ ಊರಿನ ಪದ್ಧತಿ ನನಗ ಏನು ಗೊತ್ತು? ಹಳೇ ರೊಕ್ಕ ಸಿಕ್ಕೈತಿ ಅಂತ ಖುಷೀಲೆ ಇವರ ಕೈಯಾಗ ಕೊಟ್ಟೆ. ಇವರ ಮಾರಿ ನೋಡಿದ ಮ್ಯಾಲ ಮತ್ತ ಕೇಳಲಿಲ್ಲ. ಆಮ್ಯಾಲ ಪದ್ಧತಿ ತಿಳೀತು. ಆವಾಗೂ ಕೇಳಲಿಲ್ಲ. ತಾವ ಹೇಳ್ತಾರ ಅಂತ ಕಾದೆ." ನನ್ನ ಕಡೆ ಕೈ ಮಾಡಿದಳು. "ನಿನ್ನೆ ಕಾಳವ್ವ ಬಂದು ಹೇಳಿದ್ದೂ ಕೇಳೀನಿ. ನನಗ ಮಾಡಿದ್ದು ನಾ ನುಂಗೀನಿ. ಒಡಹುಟ್ಟಿದಾಕಿ ಮ್ಯಾಲ ಹೊರಸೂದನ್ನ ನುಂಗೂದಿಲ್ಲ."

ಅಣ್ಣ ನಿಧಾನವಾಗಿ ಚಾವಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅವನು ಹೌದು ಎಂದು ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ.

ದುಂಡಪ್ಪಜ್ಜ ತುಂಗವ್ವನ ಕಡೆ ತಿರುಗಿದ. ಮಾತು ಮುರಿಸಿಕೊಂಡವರು ಎರಡರಲ್ಲಿ ಒಂದು ಕೇಳಬಹುದು. ದುಡ್ಡನ್ನು ಹಾಗೇ ಕೊಳೆಯ ಸಮೇತ ಮುರಿದವರ ಬಾಗಿಲಿಗೆ ಮೊಳೆ ಹೊಡೆದು ತೂಗಿಸಬಹುದು. ಇಲ್ಲವೇ ಪೂರ್ತಿ ಕೊಳೆ ತೆಗೆಸಬಹುದು. ಕೊಳೆ ತೆಗೆದರೆ ಅಲ್ಲಿಗೆ ಮುಗಿಯಿತು, ಆ ಮಾತನ್ನು ಮತ್ತೆ ಯಾರೂ ಎತ್ತುವ ಹಾಗಿಲ್ಲ.

"ಏನ ಮಾಡೂದು ತುಂಗವ್ವ?"

ತುಂಗವ್ವ ಎದ್ದಳು. "ಇವರಿಗೆ ನಿನ್ನೆನ ಎಲ್ಲಾ ಹೇಳೀನಿ," ಎಂದು ಗಂಡನ ಕಡೆ ಕೈ ಮಾಡಿದಳು. "ಹುಡುಗಿ ಇದ್ದಾಗ ಒಂದು ಮಾತು ಕೊಟ್ಟಿದ್ದೆ, ನಡೀಲಿಲ್ಲ. ಅತ್ತು, ಮರತು, ಸಂಸಾರ ಮಾಡಿದೆ. ಬಾಗಿಲಿಗೆ ಮೊಳಿ ಹೊಡದ್ರ ಅದನ್ನ ದಿನಾ ನೋಡಾಕಿ ಈರವ್ವ, ಅಂವ ಅಲ್ಲ. ಆಕಿ ಏನು ಮಾಡ್ಯಾಳ? ಕೊಳಿ ತಗಸ್ರಿ. ಆದ್ರ ಕಾಳವ್ವ ತಗಿಯೂದು ಬ್ಯಾಡ. ಬಳದಾಂವ ತಗೀಲಿ. ಇಲ್ಲೇ, ಎಲ್ಲಾರ ಮುಂದ."

ನಾನು ನನ್ನ ಚೀಲ ಬಿಚ್ಚಿ ಮುಳ್ಳು, ಹತ್ತಿ, ಸ್ಪಿರಿಟ್ಟಿನ ಬಾಟಲಿ ಅಣ್ಣನ ಮುಂದೆ ಇಟ್ಟೆ. ಅವನು ದುಡ್ಡು ಎತ್ತಿಕೊಂಡ. ಅವನ ಕೈ ಚೆಂದ ಎಂದು ಹೇಳಿದೆನಲ್ಲ, ಆ ದಿನವೂ ಚೆಂದವೇ ಇತ್ತು. ಒಂದು ಗೀರೂ ಬೀಳಲಿಲ್ಲ. ಹತ್ತಿಗೆ ಮೊದಲು ಕೆಂಪು ಬಂತು, ಆಮೇಲೆ ನೀಲಿ. ನೀಲಿ ಬಂದಾಗ ಅವನ ಕೈ ನಿಂತಿತು. ಹತ್ತಿಯನ್ನು ಬೆರಳ ನಡುವೆ ಹಿಡಿದುಕೊಂಡು ತಲೆ ಎತ್ತಿದ.

ತುಂಗವ್ವ ಅಲ್ಲಿರಲಿಲ್ಲ. ಅವನು ಕೆಲಸ ಶುರುಮಾಡಿದ ಕೂಡಲೇ ದುಂಡಪ್ಪಜ್ಜನ ಕೈಯಿಂದ ಕೀಲಿ ಇಸಿದುಕೊಂಡು, ಕೆಳಗಿನ ಗದ್ದೆಯವರು ಕಾಯುತ್ತಿದ್ದಾರೆ ಎಂದು ಕೆರೆಯ ಕಡೆ ಹೊರಟುಹೋಗಿದ್ದಳು. ಜನವೂ ಅವಳ ಹಿಂದೆ ಹೋಗಿ ಚಾವಡಿ ಮುಕ್ಕಾಲು ಖಾಲಿಯಾಗಿತ್ತು. ಅಣ್ಣ ಮತ್ತೆ ತಲೆ ತಗ್ಗಿಸಿ ಕೆಲಸ ಮುಂದುವರಿಸಿದ. ಕೊನೆಗೆ ಉಳಿದದ್ದು ಸವೆದ ತಾಮ್ರದ ಬಿಲ್ಲೆ. ಅದನ್ನು ದುಂಡಪ್ಪಜ್ಜ ತೆಗೆದುಕೊಂಡು ಚಾವಡಿಯ ಹಳೆ ದುಡ್ಡಿನ ಗಡಿಗೆಯೊಳಗೆ ಹಾಕಿದ. ಉಳಿದ ದುಡ್ಡುಗಳ ನಡುವೆ ಅದು ಯಾವುದು ಎಂದು ಮತ್ತೆ ಗುರುತಿಸುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಅತ್ತಿಗೆ ಆ ದಿನ ನೇರ ನನ್ನ ಮನೆಗೆ ಬಂದಳು. "ನಾಕ ದಿನ ಇರಲ್ಯಾ?" ಎಂದಳು. ಇರು ಎಂದೆ. ಅವಳು ಅಳಲಿಲ್ಲ. ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದಳು, ಹರಿದ ಕೌದಿ ಹೊಲಿದಳು. ಅಣ್ಣ ದಿನಾ ಬೀದಿಯ ತಿರುವಿನವರೆಗೆ ಬಂದು ನಿಂತು ಹೋಗುತ್ತಿದ್ದ. ನಾವಿಬ್ಬರೂ ಅವನನ್ನು ನೋಡುತ್ತಿದ್ದೆವು, ಕರೆಯುತ್ತಿರಲಿಲ್ಲ. ಕಡೆಗೊಂದು ದಿನ ಅವನು ತಿರುವು ದಾಟಿ ನನ್ನ ಕಟ್ಟೆಯವರೆಗೆ ಬಂದ. ಕ್ಷೌರ ಮಾಡಿಸಿಕೊಂಡಿರಲಿಲ್ಲ.

"ಕಾಳಿ, ಅವತ್ತ ನಾ ಆಡಿದ್ದು..." ಎಂದು ಶುರುಮಾಡಿದ.

"ನನ್ನದು ಆಮ್ಯಾಲ ನೋಡೂಣು," ಎಂದೆ. "ಮದಲು ಒಳಗ ಇರಾಕೀಗೆ ಹೇಳು."

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು. ಅವನು ಅವಳಿಗೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಎಂದು ಕಾಣುತ್ತದೆ, ಒಂದೂ ನೆನಪಾಗಲಿಲ್ಲ. "ಮನೀಗೆ ಬಾ," ಎಂದಷ್ಟೇ ಹೇಳಿದ.

"ಬರಬೇಕಂದ್ರ ಮಾತು ಕೊಡಬೇಕು," ಎಂದಳು ಅತ್ತಿಗೆ. "ಮದವಿ ಆದಾಗ ಎಲ್ಲಾರೂ ಹೊಲಕ್ಕ ಹೋಗ್ತಾರ, ನಾವು ಯಾವಾಗ ಹೋಗೂದು ಅಂತ ಕೇಳಿದ್ದೆ. ನಮಗ ಬ್ಯಾಡ ಅಂದ್ರಿ. ಈಗ ನಡೀರಿ."

ಅಣ್ಣ ನನ್ನನ್ನು ನೋಡಿದ. ನಾನು ಕಪಾಟಿನಿಂದ ಒಂದು ಹಳೆಯ ದುಡ್ಡು ತೆಗೆದು, ಅರಿಸಿನದ ಬಟ್ಟಲು ಕೈಗೆತ್ತಿಕೊಂಡೆ. "ಹಚ್ಚಿ ಕೊಡ್ಲ್ಯಾ ಅತ್ತಿಗಿ? ಇಬ್ಬರದೂ ಸೇರಿಸಿ."

"ಇಬ್ಬರದಲ್ಲ. ಮಾತು ಅವರು ಕೊಡ್ಲಿ, ನಾ ಏನೂ ಕೊಡೂದಿಲ್ಲ." ಆಮೇಲೆ ಬಟ್ಟಲಿನ ಮೇಲೆ ಕೈ ಇಟ್ಟು ನನ್ನನ್ನು ತಡೆದಳು. "ಅರಿಸಿನಾನೂ ಬ್ಯಾಡ. ಬರೇ ತಾಮ್ರ ಹೂಳ್ಲಿ. ಎದ್ದರ ಯಾರೂ ಓದಿ ಹೇಳಬೇಕಾಗಿಲ್ಲ, ನನಗ ಗೊತ್ತಾಗತೈತಿ."

ಅಣ್ಣ ನನ್ನ ಹಿತ್ತಲಿನಿಂದ ಗುದ್ದಲಿ ತೆಗೆದುಕೊಂಡು ಮುಂದೆ ನಡೆದ. ಅತ್ತಿಗೆ ಹತ್ತು ಮಾರು ಬಿಟ್ಟು ಹಿಂದೆ ನಡೆದಳು. ಹೊಲದಲ್ಲಿ ಅವನು ಏನು ಮಾತು ಕೊಟ್ಟನೋ ನನಗೆ ಗೊತ್ತಿಲ್ಲ. ಸಂಜೆ ದನ ಬರುವ ಹೊತ್ತಿಗೆ ಇಬ್ಬರೂ ತಿರುಗಿ ಬಂದರು. ಅಣ್ಣನ ಎರಡೂ ಮೊಣಕಾಲಿಗೆ ಮಣ್ಣು ಮೆತ್ತಿತ್ತು, ಅತ್ತಿಗೆಯ ಸೀರೆಯ ಅಂಚಿಗೂ ತಾಗಿರಲಿಲ್ಲ. ಬೀದಿ ಒಡೆಯುವ ಕಡೆ, ನನ್ನ ಮನೆಗೆ ಒಂದು ದಾರಿ, ಅವರ ಮನೆಗೆ ಒಂದು ದಾರಿ. ಅಲ್ಲಿ ಅಣ್ಣ ನಿಂತ. ಅವಳನ್ನು ಬಾ ಎಂದು ಕರೆಯಲಿಲ್ಲ. ಅತ್ತಿಗೆ ಅವನನ್ನು ದಾಟಿ, ತಿರುಗಿ ನೋಡದೆ, ತನ್ನ ಮನೆಯ ದಾರಿ ಹಿಡಿದಳು. ಅಣ್ಣ ಗುದ್ದಲಿ ಹೊತ್ತುಕೊಂಡು ಹಿಂದೆ ಹೋದ.